ಸಕ್ಕರೆ ಹಾಕದೆ ಹಣ್ಣು ಒಣಗಿಸುವುದು: ಕರಾವಳಿಯಲ್ಲಿ ಮಾಡಿದವರು ಹೇಳಿ

ಮಣಿಪಾಲ ಐದನೇ ಮಾಳಿಗೆ:
ಅಂಗಡಿಯ ಒಣ ಅನಾನಸಿನ ಪ್ಯಾಕೆಟ್ ತಿರುಗಿಸಿ ನೋಡಿದ್ರೆ ಹಣ್ಣಿನ ನಂತರದ ಹೆಸರೇ ಸಕ್ಕರೆ. ಮನೆಯಲ್ಲೇ ಸಕ್ಕರೆ ಇಲ್ಲದೆ ಅನಾನಸು, ಹಲಸು, ಬಾಳೆಹಣ್ಣು ಒಣಗಿಸಬೇಕು ಅಂತ ಉಂಟು. ಫ್ಲಾಟು, ಟೆರೇಸ್ ಇಲ್ಲ, ಬಾಲ್ಕನಿಗೆ ಬೆಳಗ್ಗೆ ಎರಡು ಗಂಟೆ ಬಿಸಿಲು ಅಷ್ಟೆ. ತಿನ್ನುವವರು ಶುಗರ್ ಇರುವ ಅಪ್ಪ. ಹಣ್ಣು ಒಣಗಿಸುವ ಕರೆಂಟು ಮೆಷಿನ್‌ಗೆ ಏಳು ಸಾವಿರ ಇಟ್ಟಿದ್ದೇನೆ. ಮಳೆಗಾಲದಲ್ಲೂ ಆಗ್ತದಾ?

ಗ್ರಾಂ ಲೆಕ್ಕ:
ಮೊದಲು ಲೆಕ್ಕ, ಆಮೇಲೆ ಮೆಷಿನ್. 1.8 ಕಿಲೋದ ಎರಡು ಅನಾನಸು, ಕಿಲೋಗೆ 50ರ ಹಾಗೆ 180 ರೂಪಾಯಿ. ಸಿಪ್ಪೆ, ಕಣ್ಣು, ನಡುವಿನ ದಿಂಡು ಹೋಗಿ ಉಳಿಯುವುದು ಅರ್ಧ, 1.8 ಕಿಲೋ. ಅದರಲ್ಲಿ ನೂರಕ್ಕೆ 86 ಚಿಲ್ಲರೆ ನೀರು. ನೂರಕ್ಕೆ 15 ತೇವ ಉಳಿಸಿ ತೆಗೆದ್ರೆ ಕೈಗೆ ಬರುವುದು 285 ಗ್ರಾಂ. 500 ವಾಟಿನ ಮೆಷಿನ್ 14 ಗಂಟೆ ಓಡಿದ್ರೂ ಥರ್ಮೋಸ್ಟಾಟ್ ಆಗಾಗ ಕಟ್ ಆಗುವ ಕಾರಣ ಮೀಟರಲ್ಲಿ ಏರುವುದು 6 ಯೂನಿಟ್, ಏಳು ರೂಪಾಯಿ ಹಿಡಿದ್ರೆ 42. ಒಟ್ಟು 222. ಕಿಲೋಗೆ 780 ಬಿತ್ತು. ಮೆಷಿನಿನ ಬೆಲೆ, ನಿಮ್ಮ ಕೂಲಿ ಇದರಲ್ಲಿ ಇಲ್ಲ.

ಅಂಗಡಿಯದ್ದು 600ಕ್ಕೇ ಸಿಗ್ತದಲ್ಲ ಅಂತ ಕೇಳಬೇಡಿ. ಅವರು ಹಣ್ಣನ್ನು ಗಟ್ಟಿ ಪಾಕದಲ್ಲಿ ರಾತ್ರಿ ಇಡೀ ಮುಳುಗಿಸ್ತಾರೆ. ಹಣ್ಣಿನ ನೀರು ಪಾಕಕ್ಕೆ ಹೋಗ್ತದೆ, ಪಾಕದ ಸಕ್ಕರೆ ಹಣ್ಣಿನೊಳಗೆ ಕೂತುಕೊಳ್ತದೆ. ತೂಕ ಸಿಕ್ಕಿತು, ಮೆತ್ತಗೂ ಆಯ್ತು, ಗಾಜಿನ ಹಾಗೆ ಹೊಳಪೂ ಬಂತು. ಸಕ್ಕರೆ ಬಿಟ್ರೆ ಈ ಮೂರೂ ಹೋಗ್ತದೆ. ಮನೆಯದ್ದು ತೊಗಲಿನ ಹಾಗೆ, ಕಂದು ಬಣ್ಣ, ಹುಳಿ ಎದ್ದು ಕಾಣ್ತದೆ. ಇದು ಗೊತ್ತಿಲ್ಲದೆ ಮೆಷಿನ್ ತಂದವರೇ ಎರಡನೇ ತಿಂಗಳಿಗೆ ಅಟ್ಟಕ್ಕೆ ಹಾಕುವುದು.

ಇನ್ನೊಂದು, ಡಯಲಿನ ಅಂಕಿ ನಂಬಬೇಡಿ. ಅಡಿಯಲ್ಲಿ ಫ್ಯಾನ್ ಇರುವ ದುಂಡು ಟ್ರೇ ಮೆಷಿನ್ ನನ್ನದು, 6,400 ರೂಪಾಯಿ. ಡಯಲ್ 57ರಲ್ಲಿ ಇದ್ರೆ ಅಡಿ ಟ್ರೇಯಲ್ಲಿ ಥರ್ಮಾಮೀಟರ್ 68 ತೋರಿಸ್ತದೆ, ಮೇಲಿನದ್ದರಲ್ಲಿ 46. ಅಡಿಯದ್ದಕ್ಕೆ ಹೊರಗೆ ಚಿಪ್ಪು ಕಟ್ಟಿತು, ಒಳಗೆ ಹಸಿ. ಎರಡು ಗಂಟೆಗೊಮ್ಮೆ ಟ್ರೇ ಅಡಿಮೇಲು ಮಾಡದಿದ್ರೆ ಅರ್ಧ ಹಾಳು. ಮಾರಿದವರನ್ನು ಕೇಳಿದ್ರೆ ಸರ್ವಿಸ್ ಬೆಂಗಳೂರಲ್ಲಿ, ಕಳಿಸುವ ಖರ್ಚು ನಿಮ್ಮದು ಅಂದ್ರು. 640 ರೂಪಾಯಿ ಕೊರಿಯರ್. ವಾಪಸ್ ಬಂದಾಗ ಅಡಿ ಟ್ರೇ 67. ಒಂದು ಡಿಗ್ರಿಗೆ 640.

ಪುತ್ತೂರು ತೋಟ:
ಕರೆಂಟು ಸುಟ್ಟು ಹಣ್ಣು ಒಣಗಿಸುವುದು ಯಾವ ಸೀಮೆ ಲಾಭ ಮಾರಾಯ್ರೇ. ಅಡಿಕೆ ಒಣಗಿಸುವ ಸೋಲಾರ್ ಗೂಡು ಸಾಕು. 200 ಮೈಕ್ರಾನಿನ ಯುವಿ ಪ್ಲಾಸ್ಟಿಕ್ ಶೀಟು, ಜಿಐ ಪೈಪು, ಹತ್ತಕ್ಕೆ ಇಪ್ಪತ್ತಡಿ. ಕೂಲಿ ಸೇರಿ 38,000 ಆಯ್ತು. ಶೀಟು ಮೂರು ವರ್ಷಕ್ಕೆ ಮಬ್ಬಾಗ್ತದೆ, ಆಗ ಪುನಃ 7,000. ಫೆಬ್ರವರಿ ಮಧ್ಯಾಹ್ನ ಒಳಗೆ 52ರಿಂದ 55 ಡಿಗ್ರಿ. ಸಿಪ್ಪೆಯಲ್ಲಿ ಕಪ್ಪು ಚುಕ್ಕೆ ಬಿದ್ದ ನೇಂದ್ರ ಬಾಳೆ ಉದ್ದಕ್ಕೆ ನಾಲ್ಕು ಸೀಳು, ನೆಲದಿಂದ ಮೂರಡಿ ಮೇಲೆ ಬಲೆಯ ತಟ್ಟೆಯಲ್ಲಿ, ಮೂರು ದಿನ. ಕದಳಿಯಾದ್ರೆ ಇಡಿಯಾಗಿ ಸುಲಿದು ಐದು ದಿನ. ಜೇನಿನ ಬಣ್ಣ ಬರ್ತದೆ, ಒಂದು ಹರಳು ಸಕ್ಕರೆ ಬೇಡ.

ತಪ್ಪುವುದು ಎಲ್ಲಿ ಅಂದ್ರೆ, ಮೇಲೆ ಗಾಳಿ ಕಿಂಡಿ ಇಡದೆ ಮುಚ್ಚಿಬಿಡ್ತಾರೆ. ಹಣ್ಣಿನ ನೀರು ಆವಿಯಾಗಿ ಶೀಟಿಗೆ ತಾಗಿ ರಾತ್ರಿ ಹನಿಹನಿಯಾಗಿ ಪುನಃ ಹಣ್ಣಿನ ಮೇಲೇ ಬೀಳ್ತದೆ. ಸಂಜೆ ಐದಕ್ಕೆ ಹಣ್ಣು ತೆಗೆದು ಮುಚ್ಚಳದ ಡ್ರಮ್ಮಿಗೆ ಹಾಕಬೇಕು, ಬೆಳಗ್ಗೆ ಒಂಬತ್ತರ ಮೊದಲು ಹೊರಗೆ ತೆಗೆಯಬಾರದು.

ಬಿಜೈ ಬಾಳೆ:
ಅದೇ ಗೂಡಿನಲ್ಲಿ ಅಡಿಕೆ ಹರಡಿದ್ದಿರಿ ತಾನೇ? ಕೊಳೆರೋಗಕ್ಕೆ ಬೋರ್ಡೋ ಔಷಧ ಹೊಡೆದ ಅಡಿಕೆ. ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಉಪ್ಪು), ಒಂದು ಕಿಲೋ ಸುಣ್ಣ. ಆ ಸಿಪ್ಪೆಯ ಧೂಳು ನೆಲದಲ್ಲಿ, ಶೀಟಿನಲ್ಲಿ, ಬಲೆಯಲ್ಲಿ. ಅದರ ಮೇಲೆ ಅಂಟಂಟು ಬಾಳೆಹಣ್ಣು. ಸಕ್ಕರೆ ಬೇಡ ಅಂತ ಬಿಟ್ಟು ತಾಮ್ರ ತಿನ್ನುವುದು.

ಪುತ್ತೂರು ತೋಟ:
ತಟ್ಟೆ ಬೇರೆ, ಬಲೆ ಬೇರೆ. ಗೂಡು ತೊಳೆದೇ ಹಣ್ಣು ಇಡುವುದು. ಮೂರಡಿ ಎತ್ತರ ಅಂತ ಬರೆದದ್ದು ಓದಲಿಲ್ವಾ? ಗೂಡು ಕಾಣದವರು ಗೂಡಿನ ಬಗ್ಗೆ ಬರೆಯಬೇಡಿ.

ಬಿಜೈ ಬಾಳೆ:
ನೆಲ ಗುಡಿಸುವಾಗ ಏಳುವ ಧೂಳಿಗೆ ಮೂರಡಿ ಗೊತ್ತಾಗುವುದಿಲ್ಲ. ಜನವರಿಯಲ್ಲಿ ಅಡಿಕೆ, ಫೆಬ್ರವರಿಯಲ್ಲಿ ಹಣ್ಣು, ಎರಡೂ ಒಂದೇ ಸೂರಿನಡಿ ಬೇಡ ಅಂದೆ ಅಷ್ಟೆ.

ಕಾರ್ಕಳ ಹಲಸು:
ಹಲಸಿನ ವಿಷಯ ಯಾರೂ ಎತ್ತಲಿಲ್ಲ. ಗಟ್ಟಿ ಸೊಳೆಯ ಬಕ್ಕೆಯೇ ಬೇಕು. ಮೆತ್ತಗಿನ ತುಳುವ ಕಾಯಿಸಿ ಗಟ್ಟಿ ಮಾಡುವ ಬೆರಟಿಗೆ ಸರಿ, ಟ್ರೇಯಲ್ಲಿ ಇಟ್ರೆ ಕರಗಿ ಬಲೆಯ ಕಣ್ಣಿಗೆ ಸಿಕ್ಕಿಕೊಳ್ತದೆ, ಆಮೇಲೆ ಬಲೆಯನ್ನೇ ಎಸೆಯಬೇಕು. ಬಕ್ಕೆಯಲ್ಲೂ ಪೂರ್ತಿ ಹಣ್ಣಾಗುವ ಒಂದು ದಿನ ಮೊದಲು, ಪರಿಮಳ ಬಂದು ಸೊಳೆ ಇನ್ನೂ ಕರುಂ ಅನ್ನುವ ಹದ. ಹತ್ತು ಕಿಲೋ ಹಣ್ಣಿಗೆ ಬೀಜ ತೆಗೆದ ಸೊಳೆ ಮೂರು ಕಿಲೋ, ಒಣಗಿ 850 ಗ್ರಾಂ ಸುಮಾರು. ಸೊಳೆ ಉದ್ದಕ್ಕೆ ಮೂರು ಸೀಳು. ಅಗಲಕ್ಕೆ ಕತ್ತರಿಸಿದ್ರೆ ಉಂಗುರ ಸುರುಟಿ ಒಳಮೈ ಮುಚ್ಚಿಹೋಗ್ತದೆ, ತೇವ ಹೊರಗೆ ಬರಲಿಕ್ಕೆ ದಾರಿ ಇಲ್ಲ, ಹದಿನೈದು ದಿನಕ್ಕೆ ಆ ಮಡಿಕೆಯಲ್ಲೇ ಬೂಸ್ಟು ಹಿಡಿಯುವುದು.

ಮೆಟ್ಟುಕತ್ತಿಯಲ್ಲಿ (ಈಳಿಗೆಮಣೆ) ಸೀಳಬೇಡಿ. ಕಬ್ಬಿಣಕ್ಕೂ ಹಣ್ಣಿನ ಒಗರಿಗೂ ಸೇರಿ ಅಂಚು ಕಪ್ಪಾಗ್ತದೆ, ಬಾಳೆಗೂ ಹಾಗೇ. ಹಣ್ಣು ಬಿಡಿಸಲಿಕ್ಕೆ ಮೆಟ್ಟುಕತ್ತಿ, ಸೊಳೆಗೆ ಸ್ಟೀಲ್ ಚೂರಿ. ಕೈಗೆ ಹಚ್ಚಿದ ತೆಂಗಿನೆಣ್ಣೆ ಸೊಳೆಗೆ ತಾಗಿದ್ರೆ ಎರಡು ತಿಂಗಳಲ್ಲಿ ಕನರು ವಾಸನೆ, ಅದಕ್ಕೆ ಮೇಣ ಬಿಡಿಸಿದ ಮೇಲೆ ಕಡ್ಲೆಹಿಟ್ಟಿನಲ್ಲಿ ಕೈ ತೊಳೆದು ಆಮೇಲೆ ಸೊಳೆ ಮುಟ್ಟುವುದು. ಟ್ರೇಗೆ ಎಣ್ಣೆ ಸವರುವವರಿಗೂ ಇದೇ ಮಾತು.

60 ಡಿಗ್ರಿಯಲ್ಲಿ ಮೊದಲ ಎರಡು ಗಂಟೆ, ಮತ್ತೆ 57, ಒಟ್ಟು 11 ಗಂಟೆ ಹತ್ತಿರ. ಫ್ಲಾಟಿನಲ್ಲಿ ಮಾಡುವವರಿಗೆ ಒಂದು: ಆ 11 ಗಂಟೆ ಪರಿಮಳ ಇಡೀ ಮಾಳಿಗೆಗೆ ಹೋಗ್ತದೆ. ಹಲಸು ಆಗದವರು ಪಕ್ಕದಲ್ಲಿದ್ರೆ ಮೊದಲೇ ಹೇಳಿಬಿಡಿ.

ಕದ್ರಿ ಅಡುಗೆಮನೆ:
60 ಡಿಗ್ರಿಯಾ! ಒಳ್ಳೆಯದೆಲ್ಲ ಸುಟ್ಟುಹೋಗ್ತದೆ. 45ರಲ್ಲಿ ನಿಧಾನಕ್ಕೆ ಒಣಗಿಸಬೇಕು. ನಮ್ಮಲ್ಲಿ 45, 24 ಗಂಟೆ. ಬಣ್ಣ ನೋಡಿದ್ರೆ ಗೊತ್ತಾಗ್ತದೆ.

ಗ್ರಾಂ ಲೆಕ್ಕ:
ಯಾವ ತಿಂಗಳು ಮಾಡಿದ್ದು? ಡಿಸೆಂಬರ್ ಆದ್ರೆ ಸರಿ. ಆಟಿಯ ಜಡಿಮಳೆಯಲ್ಲಿ (ಜುಲೈ-ಆಗಸ್ಟ್) 45 ಇಟ್ರೆ ಹಣ್ಣು ಒಣಗುವ ಮೊದಲು ಹುಳಿ ಬರ್ತದೆ. ಲೆಕ್ಕ ಹೇಳ್ತೇನೆ: ಅಡುಗೆಮನೆಯಲ್ಲಿ 30 ಡಿಗ್ರಿ, ಗಾಳಿಯ ತೇವಾಂಶ ನೂರಕ್ಕೆ 80. ಅದೇ ಗಾಳಿಯನ್ನು 45ಕ್ಕೆ ಕಾಯಿಸಿದ್ರೆ ತೇವಾಂಶ 35ಕ್ಕೆ ಇಳೀತದೆ, 57ಕ್ಕೆ ಕಾಯಿಸಿದ್ರೆ 20ಕ್ಕೆ. ಒಣಗಿಸುವುದು ಶಾಖ ಅಲ್ಲ, ಈ ಇಳಿತ. ಎಸಿ ರೂಮಿನಲ್ಲಿ 24 ಡಿಗ್ರಿ, 50 ತೇವಾಂಶದ ಗಾಳಿ 57ಕ್ಕೆ ಹೋದ್ರೆ 9ರ ಹತ್ತಿರ ಬರ್ತದೆ, ಮಳೆಗಾಲದಲ್ಲೂ ಮೂರು ಗಂಟೆ ಉಳಿತಾಯ. ಆದ್ರೆ ಎಸಿ ಕರೆಂಟು ಯಾರು ಕೊಡ್ತಾರೆ?

ಇನ್ನು ಕಿಟಕಿ ಮುಚ್ಚಿ ಮೆಷಿನ್ ಓಡಿಸುವವರು. 1.8 ಕಿಲೋ ಅನಾನಸಿನಿಂದ ಒಂದೂವರೆ ಲೀಟರ್ ನೀರು ಗಾಳಿಗೆ ಸೇರ್ತದೆ. ಬಾಗಿಲು ಮುಚ್ಚಿದ ಕೋಣೆಯಲ್ಲಿ ಅದೇ ಗಾಳಿ ಪುನಃ ಮೆಷಿನ್ನಿಗೆ. ಎಕ್ಸಾಸ್ಟ್ ಫ್ಯಾನಿನ ಹತ್ತಿರ ಇಡಿ.

ಕದ್ರಿ ಅಡುಗೆಮನೆ:
ಪರಿಮಳ, ಬಣ್ಣ ನಿಮ್ಮ ಲೆಕ್ಕದ ಪುಸ್ತಕದಲ್ಲಿ ಇಲ್ಲ ಅಂತ ಕಾಣ್ತದೆ.

ಬಿಜೈ ಬಾಳೆ:
ಬಣ್ಣಕ್ಕೆ ಶಾಖ ಇಳಿಸುವುದಲ್ಲ ದಾರಿ. ಬಾಳೆ ಕಪ್ಪಾಗುವುದು ಕತ್ತರಿಸಿದ ಮೊದಲ ಹತ್ತು ನಿಮಿಷದಲ್ಲಿ. ಲಿಂಬೆರಸ, ನೀರು ಸಮಸಮ, ಅದರೊಳಗೇ ನೇರ ಕತ್ತರಿಸಿ ಹಾಕಿ ಐದು ನಿಮಿಷ. ಲಿಂಬೆ ಹುಳಿ ಆಗದಿದ್ರೆ ವಿಟಮಿನ್ ಸಿ ಪುಡಿ, ಅರ್ಧ ಲೀಟರ್ ನೀರಿಗೆ ಮೂರು ಗ್ರಾಂ. ಮಾತ್ರೆ ಪುಡಿ ಮಾಡಿ ಹಾಕುವುದಾದ್ರೆ ಚೀಪುವ ಮಾತ್ರೆ ಬೇಡ, ಅದರಲ್ಲಿ ಸಕ್ಕರೆಯೂ ಬಣ್ಣವೂ ಇರ್ತದೆ. ಅಂಗಡಿಯವರ ಹಳದಿಗೆ ಗಂಧಕದ ಉಪ್ಪು ಕಾರಣ, ಅಸ್ತಮಾ ಇರುವವರಿಗೆ ಅದು ಆಗುವುದಿಲ್ಲ. ಹೋಳು ಆರು ಮಿಲಿಮೀಟರ್. ನಾಲ್ಕಾದ್ರೆ ಚಿಪ್ಸು, ಎಂಟಾದ್ರೆ ರಾತ್ರಿ ಎದ್ದು ನೋಡಬೇಕು.

ಮಲ್ಪೆ ಕಡೆಯವರು:
ಮೂಲ ಪ್ರಶ್ನೆಯಲ್ಲಿ ಶುಗರ್ ಇರುವವರಿಗೆ ಅಂತ ಉಂಟು. ಒಬ್ಬರೂ ಹೇಳಲಿಲ್ಲ: ಸಕ್ಕರೆ ಹಾಕದ್ದು ಬೇರೆ, ಸಕ್ಕರೆ ಇಲ್ಲದ್ದು ಬೇರೆ. ಮೇಲಿನ ಲೆಕ್ಕದಲ್ಲೇ 100 ಗ್ರಾಂ ಒಣ ಅನಾನಸು ಅಂದ್ರೆ 630 ಗ್ರಾಂ ಹಸಿ ಹಣ್ಣು. ಹಸಿಯದ್ದರಲ್ಲಿ ನೂರಕ್ಕೆ 13 ಗ್ರಾಂ ಕಾರ್ಬೋಹೈಡ್ರೇಟ್ ಹಿಡಿದ್ರೆ 80ಕ್ಕಿಂತ ಜಾಸ್ತಿ ಆಯ್ತು. ಒಣ ಬಾಳೆಯೂ ಸುಮಾರು ಅಷ್ಟೇ. ಹೋಗುವುದು ನೀರು ಮಾತ್ರ, ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ. ಹಸಿ ಅನಾನಸು 600 ಗ್ರಾಂ ಒಮ್ಮೆಗೆ ಯಾರೂ ತಿನ್ನುವುದಿಲ್ಲ, ಒಣಗಿದ್ದು ಟಿವಿ ನೋಡ್ತಾ ಮುಗೀತದೆ.

ಪುತ್ತೂರು ತೋಟ:
ಹಣ್ಣಿನ ಸಕ್ಕರೆ ಪ್ರಕೃತಿಯದ್ದು, ಅದು ಏನೂ ಮಾಡುವುದಿಲ್ಲ.

ಮಲ್ಪೆ ಕಡೆಯವರು:
ಗ್ಲುಕೋಮೀಟರಿಗೆ ಪ್ರಕೃತಿ ಗೊತ್ತಿಲ್ಲ. ತಿಂದು ಎರಡು ಗಂಟೆ ಬಿಟ್ಟು ಚುಚ್ಚಿ ನೋಡಿ. ಎಷ್ಟು ಕೊಡಬಹುದು ಅಂತ ಅವರ ಡಾಕ್ಟರರೇ ಹೇಳಬೇಕು, ಗೂಡಿನವರಲ್ಲ.

ಕಾರ್ಕಳ ಹಲಸು:
ಜಗಳದ ನಡುವೆ ಮುಖ್ಯದ್ದು ಬಿಟ್ಟುಹೋಯ್ತು, ಒಣಗಿತು ಅಂತ ಗೊತ್ತಾಗುವುದು ಹೇಗೆ? ಬಿಸಿ ಇರುವಾಗ ಎಲ್ಲವೂ ಮೆತ್ತಗೆ. ಒಂದು ತುಂಡು ತೆಗೆದು ಹತ್ತು ನಿಮಿಷ ತಣಿಸಿ ಹರಿಯಬೇಕು. ಹರಿದ ಅಂಚನ್ನು ಹಿಂಡಿದ್ರೆ ಹೊಳಪಿನ ಹನಿ ಬಂದ್ರೆ ಆಗಲಿಲ್ಲ. ಮತ್ತೆ ಗಾಜಿನ ಬಾಟ್ಲಿಗೆ ಮುಕ್ಕಾಲಿಗಿಂತ ಕಡಿಮೆ ತುಂಬಿಸಿ, ಮುಚ್ಚಿ, ಏಳು ದಿನ ದಿನಾ ಕುಲುಕುವುದು. ಹೆಚ್ಚು ಒಣಗಿದ ತುಂಡು, ಕಡಿಮೆ ಒಣಗಿದ ತುಂಡು ಪರಸ್ಪರ ತೇವ ಹಂಚಿಕೊಳ್ತವೆ. ಗಾಜಿನ ಒಳಮೈಗೆ ಮಂಜು ಕಂಡ್ರೆ ಪುನಃ ಮೆಷಿನ್ನಿಗೆ ಮೂರು ಗಂಟೆ. ಒಂದು ತುಂಡಿಗೆ ಬೂಸ್ಟು ಬಂದ್ರೆ ಬಾಟ್ಲಿಯೇ ತಿಪ್ಪೆಗೆ, ಹೆಕ್ಕಿ ಉಳಿಸುವ ಆಸೆ ಬೇಡ. ಸಕ್ಕರೆ ಹಾಕಿದ್ದಾದ್ರೆ ಸ್ವಲ್ಪ ಹಸಿ ಇದ್ರೂ ಸಕ್ಕರೆ ಕಾಯ್ತದೆ. ಇದಕ್ಕೆ ಕಾಯುವವರು ಯಾರೂ ಇಲ್ಲ.

ಗ್ರಾಂ ಲೆಕ್ಕ:
ಹಿಂಡುವುದು, ಹರಿಯುವುದು ಎಲ್ಲ ಅಂದಾಜು. ತೂಗಿ. ಇಡುವಾಗ ಟ್ರೇ ತೂಕ ಕಳೆದು ಬರೆದಿಡಿ. ಅನಾನಸು ಆರರಲ್ಲೊಂದು ಪಾಲಿಗೆ ಇಳಿಯಬೇಕು, ಹಲಸು, ಬಾಳೆ ಮೂರೂವರೆಯಲ್ಲೊಂದು. ಗಂಟೆ ನೋಡಿ ತೆಗೆಯುವುದು ಘಟ್ಟದ ಮೇಲಿನವರಿಗೆ ಆದೀತು. ಶೇಖರಿಸುವುದು 100 ಗ್ರಾಂ ಪೊಟ್ಟಣ. ದೊಡ್ಡ ಡಬ್ಬ ದಿನಾ ತೆರೆದ್ರೆ ಪ್ರತಿ ಸಲ ಸಮುದ್ರದ ಗಾಳಿ ಒಳಗೆ.

ಕದ್ರಿ ಅಡುಗೆಮನೆ:
ಮಾಂಬಳ (ಮಾವಿನ ರಸ ಒಣಗಿಸಿದ ಹಾಳೆ) ಇರುವಾಗ ಇಷ್ಟೆಲ್ಲ ಯಾಕೆ? ಕಾಟು ಮಾವಿನ ರಸ ಗಾಳಿಸಿ ಸಿಲಿಕಾನ್ ಹಾಳೆಯಲ್ಲಿ ನಾಲ್ಕು ಮಿಲಿಮೀಟರ್ ಹರಡಿ ಎಂಟು ಗಂಟೆ. ಸಕ್ಕರೆ ಬೇಡ.

ಪುತ್ತೂರು ತೋಟ:
ಅದು ಮಾಂಬಳ ಅಲ್ಲ. ಓಲೆಚಾಪೆಯಲ್ಲಿ ಎರಡು ಮಿಲಿಮೀಟರ್ ಎರೆದು, ಕೈಗೆ ಅಂಟದ ಹಾಗೆ ಒಣಗಿದ ಮೇಲೆ ಅದರ ಮೇಲೇ ಮರುದಿನ ಇನ್ನೊಂದು ಪದರ, ಹೀಗೆ ಹತ್ತು ಹನ್ನೆರಡು. ಚಾಪೆಯ ಅಡಿಯಿಂದಲೂ ಆವಿ ಹೋಗ್ತದೆ, ಸಿಲಿಕಾನಿನಲ್ಲಿ ಅಡಿ ಬೆವರ್ತದೆ. ಮೊದಲ ಪದರ ದಪ್ಪ ಎರೆದ್ರೆ ಅಡಿ ಹುಳಿತು ಕಳ್ಳಿನ ವಾಸನೆ ಬರ್ತದೆ. ಮಳೆ ಹಿಡಿಯುವ ಮೊದಲು, ಪತ್ತನಾಜೆಯ (ಮೇ ಕೊನೆಯ ವಾರ) ಒಳಗೆ ಮುಗಿಸಬೇಕು.

ಬಿಜೈ ಬಾಳೆ:
ಐದು ಗಂಟೆಗೆ ಹಾಳೆ ಮಗುಚಿ ಹಾಕಿದ್ರೆ ಸಿಲಿಕಾನಿನಲ್ಲೂ ಬೆವರುವುದಿಲ್ಲ. ಚಾಪೆಯ ಸಂದಿಯಲ್ಲಿ ಇರುವೆ ಹೆಕ್ಕುತ್ತಾ ಕೂರಬೇಕಾಗಿಯೂ ಇಲ್ಲ.

ಮಲ್ಪೆ ಕಡೆಯವರು:
ಸಕ್ಕರೆ ಕಡಿಮೆ ಬೇಕಾದ್ರೆ ಪುನರ್ಪುಳಿ (ಕೋಕಂ) ಒಣಗಿಸಿ. ಎರಡು ಹೋಳು ಮಾಡಿ, ಬೀಜ ತಿರುಳು ತೆಗೆದು, ಸಿಪ್ಪೆ ಮಾತ್ರ.

ಕಾರ್ಕಳ ಹಲಸು:
ಅದನ್ನು ಟಿವಿ ನೋಡ್ತಾ ತಿನ್ನಲಿಕ್ಕೆ ಆಗ್ತದಾ? ಅದು ಸಾರಿಗೆ.

ಮಣಿಪಾಲ ಐದನೇ ಮಾಳಿಗೆ:
ಟೆರೇಸ್ ಇಲ್ಲ, ತೋಟವೂ ಇಲ್ಲ ಅಂತ ಪುನಃ ಹೇಳ್ತೇನೆ. ಏಳು ಸಾವಿರದೊಳಗೆ ಹಿಂದೆ ಫ್ಯಾನ್ ಇರುವ ಮೆಷಿನ್ ತೆಗೆದುಕೊಳ್ಳಬಹುದಾ, ಬೇಡವಾ?

ಗ್ರಾಂ ಲೆಕ್ಕ:
ಹಿಂದೆ ಫ್ಯಾನ್ ಇರುವುದು, ಸ್ಟೀಲ್ ಟ್ರೇ, ಚೌಕದ್ದು. ಅಲ್ಯೂಮಿನಿಯಂ ಟ್ರೇ ಆದ್ರೆ ಅನಾನಸಿನ ಹುಳಿ ಅದನ್ನು ತಿನ್ತದೆ. ತಂದ ದಿನವೇ ಬರೀ ಮೆಷಿನ್ ಓಡಿಸಿ ಎಲ್ಲ ಟ್ರೇಯಲ್ಲಿ ಥರ್ಮಾಮೀಟರ್ ಇಟ್ಟು ನೋಡಿ, ಐದು ಡಿಗ್ರಿಗಿಂತ ಜಾಸ್ತಿ ವ್ಯತ್ಯಾಸ ಇದ್ರೆ ಅದೇ ವಾರ ವಾಪಸ್. ತೂಗುವ ಕಾಂಟಾಕ್ಕೆ 400 ಬೇರೆ ಇಡಿ, ಅಪ್ಪನ ತುಂಡು ತೂಗಲಿಕ್ಕೂ ಅದೇ ಆಗ್ತದೆ.

ಪುತ್ತೂರು ತೋಟ:
ಕಾಂಟಾದಲ್ಲಿ ತೂಗಿ ಹಣ್ಣು ತಿನ್ನುವ ಕಾಲ ಬಂತು. ಇರಲಿ. ಸಿಲಿಕಾನ್ ಹಾಳೆಯದ್ದಕ್ಕೆ ಬೇರೆ ಹೆಸರು ಇಡಿ, ಮಾಂಬಳ ಅನ್ನಬೇಡಿ.