ಹಳೇ ಸಿಡಿ ಡ್ರೈವಿನ ಡ್ರೈವರ್: ‘ತೆಗೆ’, ‘ಇಳಿಸು’, ‘ಕೈಬಿಡು’ – ಎಲ್ಲಿ ಯಾವುದು?

ಓಬಿರಾಯನ ಕಾಲದ ಸಿಡಿ ಡ್ರೈವ್‌ಗಳಿಗೆ ಡ್ರೈವರ್ (ಡ್ರೈವನ್ನು ಕಂಪ್ಯೂಟರ್ ಜೊತೆ ಮಾತಾಡಿಸುವ ಪುಟ್ಟ ತಂತ್ರಾಂಶ) ಹಾಕುವುದು, ಕೆಲಸ ಮುಗಿದ ಮೇಲೆ ಅದನ್ನು ತೆಗೆಯುವುದು ಹೇಗೆ ಅಂತ ಒಂದು ಕೈಪಿಡಿ ಬರೆಯುತ್ತಿದ್ದೇನೆ. ಹಾಕುವ ಭಾಗ ಹೇಗೋ ಮುಗಿಯಿತು. ತೆಗೆಯುವ ಭಾಗದಲ್ಲಿ ಕ್ರಿಯಾಪದಗಳ ಜಗಳ ಶುರುವಾಗಿದೆ. ಇಂಗ್ಲಿಷಿನ ‘ರಿಟೈರ್’ ಅನ್ನುವ ಒಂದೇ ಮಾತಿನ ಕೆಳಗೆ ಬೇರೆ ಬೇರೆ ಕೆಲಸಗಳು ಅಡಗಿವೆ. ಎಲ್ಲಕ್ಕೂ ‘ನಿವೃತ್ತಿ’ ಅಂದುಬಿಟ್ಟರೆ ಹಾರ ಹಾಕಿ ಮನೆಗೆ ಕಳಿಸಿದ ಹಾಗಾಗುತ್ತದೆ!

ಮೊದಲು ನಾಮಪದದ ಮಾತು. ಡ್ರೈವರಿಗೆ ‘ಚಾಲಕ’ ಅನ್ನುವುದು ನನಗೆ ಒಗ್ಗಿಲ್ಲ. ‘ಹಳೆಯ ಚಾಲಕನನ್ನು ತೆಗೆಯಿರಿ’ ಅಂದರೆ ಯಾರದೋ ಕೆಲಸ ಹೋಯಿತು ಅನ್ನಿಸುತ್ತದೆ. ‘ಚಾಲಕವನ್ನು’ ಅನ್ನುವುದು ಸರಿಯೇ, ಆದರೆ ಓದುವಾಗ ಕಣ್ಣು ಎಡವುತ್ತದೆ. ‘ಡ್ರೈವರ್’ ಅಂತಲೇ ಉಳಿಸಿಕೊಂಡಿದ್ದೇನೆ. ಇದರ ಬಗ್ಗೆ ಜಾಸ್ತಿ ಚರ್ಚೆ ಬೇಡ ಅಲ್ವಾ?

ಹಾಕುವುದಕ್ಕೆ ‘ಅನುಸ್ಥಾಪಿಸು’ ಬಿಟ್ಟು ‘ಕೂರಿಸು’ ಬಳಸಿದ್ದೇನೆ. ಸುಮ್ನೆ ‘ಹಾಕು’ ಅಂದರೆ ಡಿಸ್ಕ್ ಹಾಕುವುದೋ ಡ್ರೈವರ್ ಹಾಕುವುದೋ ಗೊತ್ತಾಗುವುದಿಲ್ಲ. ವಿಂಡೋಸ್‌ಗೂ ಹಿಂದಿನ ಡಾಸ್‌ನಲ್ಲಂತೂ ಕೂರಿಸುವುದು ಎರಡು ಹಂತದ ಕೆಲಸ. ಯಂತ್ರ ಶುರುವಾಗುವಾಗ ಓದುವ ಕಾನ್‌ಫಿಗ್.ಸಿಸ್ ಕಡತದಲ್ಲಿ ಡ್ರೈವರನ್ನು ಕರೆದು ಒಂದು ಹೆಸರು ಕೊಡಬೇಕು, ಸಾಮಾನ್ಯವಾಗಿ ಎಂಎಸ್‌ಸಿಡಿ001. ಆಮೇಲೆ ಅಂಥದ್ದೇ ಇನ್ನೊಂದು ಕಡತ ಆಟೋಎಕ್ಸೆಕ್.ಬ್ಯಾಟ್‌ನಲ್ಲಿ, ಡಾಸ್‌ಗೆ ಸಿಡಿ ಓದಲು ನೆರವಾಗುವ ಎಂಎಸ್‌ಸಿಡೆಕ್ಸ್ ಅನ್ನು ಅದೇ ಹೆಸರು ಕೊಟ್ಟು ಕರೆಯಬೇಕು. ಡ್ರೈವಿಗೆ ಅಕ್ಷರ ಸಿಗುವುದು ಆಗಲೇ. ಎರಡು ಕಡೆಯ ಹೆಸರು ತಾಳೆಯಾಗದಿದ್ದರೆ ಡ್ರೈವ್ ಕಾಣುವುದೇ ಇಲ್ಲ. ವಿಂಡೋಸ್ 98ರ ಬೂಟ್ ಫ್ಲಾಪಿ ಕೂಡ ಓಕ್‌ಸಿಡಿರಾಮ್.ಸಿಸ್ ಅನ್ನುವ ಡ್ರೈವರ್ ಇಟ್ಟುಕೊಂಡು ಮಾಡುತ್ತಿದ್ದುದು ಇದನ್ನೇ. ಇಲ್ಲಿ ಡ್ರೈವರ್ ಬೇಡವಾದರೆ ಆ ಸಾಲುಗಳ ಮುಂದೆ ‘ರೆಮ್’ ಅಂತ ಬರೆದರೆ ಸಾಕು. ಕಡತ ಇದ್ದಲ್ಲೇ ಇರುತ್ತದೆ, ಸಾಲೂ ಇರುತ್ತದೆ, ಕೆಲಸ ಮಾತ್ರ ನಡೆಯುವುದಿಲ್ಲ. ಇದಕ್ಕೆ ‘ಸಾಲನ್ನು ಮಲಗಿಸು’ ಅಂತ ಬರೆದಿದ್ದೇನೆ. ಬೇಕಾದಾಗ ಎಬ್ಬಿಸಬಹುದು ಅನ್ನುವ ಅರ್ಥವೂ ಅದರಲ್ಲೇ ಬರುತ್ತದೆ.

ವಿಂಡೋಸ್‌ಗೆ ಬಂದರೆ ‘ತೆಗೆ’ ಅನ್ನುವ ಮಾತು ಕೈಕೊಡುತ್ತದೆ. ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್‌ನಲ್ಲಿ ಅನ್‌ಇನ್‌ಸ್ಟಾಲ್ ಒತ್ತಿದರೆ ಪಟ್ಟಿಯಿಂದ ಹೋಗುವುದು ಸಾಧನ. ಡ್ರೈವರ್ ಕಡತಗಳನ್ನೂ ಅಳಿಸು ಅನ್ನುವ ಚೌಕಕ್ಕೆ ಗುರುತು ಹಾಕದಿದ್ದರೆ ಅವು ಒಳಗೇ ಉಳಿಯುತ್ತವೆ. ಮುಂದಿನ ಸಲ ಯಂತ್ರ ಶುರುವಾದಾಗ ಡ್ರೈವ್ ಮತ್ತೆ ಹಾಜರ್. ಅದೂ ಅಲ್ಲದೆ, ಮಾಮೂಲಿ ಸಿಡಿ ಡ್ರೈವಿಗೆ ಬೇಕಾದ ಸಿಡಿರಾಮ್.ಸಿಸ್ ಡ್ರೈವರ್ ವಿಂಡೋಸ್‌ನದೇ, ಅದನ್ನು ಯಾರೂ ತೆಗೆಯಬೇಕಿಲ್ಲ. ನಿಜಕ್ಕೂ ತೊಲಗಬೇಕಾದದ್ದು ಸಿಡಿಗೆ ಬರೆಯುವ ಹಳೇ ‘ಬರ್ನಿಂಗ್’ ತಂತ್ರಾಂಶಗಳು ವಿಂಡೋಸ್‌ಗೂ ಡ್ರೈವಿಗೂ ನಡುವೆ ತೂರಿಸಿದ ಫಿಲ್ಟರ್ ಡ್ರೈವರ್‌ಗಳು. ತಂತ್ರಾಂಶ ಹೋದರೂ ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಅನ್ನುವ ಕಡೆ ಅವುಗಳ ಹೆಸರು ಉಳಿದಿರುತ್ತದೆ. ಹೆಸರಿದೆ, ಕಡತ ಇಲ್ಲ ಅಂದಾಗ ಡ್ರೈವ್ ನಾಪತ್ತೆ. ಹಾಗಾಗಿ ಸಾಧನಕ್ಕೆ ‘ತೆಗೆ’, ಡ್ರೈವರ್ ಕಡತಕ್ಕೆ ‘ಅಳಿಸು’, ರಿಜಿಸ್ಟ್ರಿಯ ಪಳೆಯುಳಿಕೆಗೆ ‘ಕಿತ್ತುಹಾಕು’ ಅಂತ ಬೇರ್ಪಡಿಸಿದ್ದೇನೆ.

ಲಿನಕ್ಸ್‌ನಲ್ಲಿ ಡ್ರೈವರ್ ಸಾಮಾನ್ಯವಾಗಿ ‘ಮಾಡ್ಯೂಲ್’ ಅನ್ನುವ ಬಿಡಿಭಾಗ. ಅದನ್ನು ಮೆಮೊರಿಗೆ ‘ಏರಿಸು’, ಮೆಮೊರಿಯಿಂದ ‘ಇಳಿಸು’ ಅನ್ನಬಹುದಿತ್ತು. ಒಳ್ಳೆ ಜೋಡಿ. ಆದರೆ ಡೌನ್‌ಲೋಡ್ ಮಾಡುವುದಕ್ಕೂ ‘ಇಳಿಸಿಕೊಳ್ಳು’ ಅನ್ನುತ್ತೇವಲ್ಲ! ‘ಡ್ರೈವರ್ ಇಳಿಸಿ’ ಅಂತ ಓದಿದವರು ಜಾಲತಾಣಕ್ಕೆ ಹೋಗಿ ಹುಡುಕಬಾರದು. ಪ್ರತಿ ಸಲ ‘ಮೆಮೊರಿಯಿಂದ’ ಅಂತ ಸೇರಿಸುವುದು ಬಿಟ್ಟು ಬೇರೆ ದಾರಿ ನನಗೆ ಹೊಳೆದಿಲ್ಲ.

ಡ್ರೈವರನ್ನು ಲಿನಕ್ಸ್‌ನ ತಿರುಳಾದ ಕರ್ನೆಲ್‌ನಿಂದಲೇ ಹೊರಗೆ ಹಾಕುವುದು ಇನ್ನೊಂದು ಕೆಲಸ. ಮಿತ್ಸುಮಿ, ಸೋನಿ, ಪ್ಯಾನಾಸೋನಿಕ್‌ನಂಥವರ ಮೊದಮೊದಲ ಡ್ರೈವ್‌ಗಳು ತಮ್ಮದೇ ಕಾರ್ಡಿಗೋ ಸೌಂಡ್ ಕಾರ್ಡಿಗೋ ತಗುಲಿಕೊಳ್ಳುತ್ತಿದ್ದವು. ಒಂದೊಂದಕ್ಕೂ ಬೇರೆ ಡ್ರೈವರ್ ಬೇಕಿತ್ತು. ಅಟಾಪಿ ಅನ್ನುವ ಸಮಾನ ಮಾನಕ ಬಂದ ಮೇಲೆ ಎಲ್ಲವೂ ಒಂದೇ ಭಾಷೆ ಆಡತೊಡಗಿದವು. 2008ರ ಜನವರಿಯಲ್ಲಿ ಬಂದ ಕರ್ನೆಲ್‌ನ 2.6.24 ಆವೃತ್ತಿಯಲ್ಲಿ ಆ ಹಳೇ ಡ್ರೈವರ್‌ಗಳು ಇರಲಿಲ್ಲ. 2.6 ಸಾಲಿನಲ್ಲಿ ಹೆಚ್ಚಿನವು ಓಡಿಯೇ ಇರಲಿಲ್ಲ, ಯಾರೂ ದೂರಿಯೂ ಇರಲಿಲ್ಲ. ಇದಕ್ಕೆ ‘ಕೈಬಿಡು’ ಬಿಟ್ಟರೆ ಬೇರೆ ಪದ ಬೇಡ. ಅಳಿಸಿದ್ದಾರೆ ಅನ್ನುವುದಕ್ಕಿಂತ, ಇನ್ನು ನೋಡಿಕೊಳ್ಳುವವರಿಲ್ಲ ಅನ್ನುವುದೇ ಇಲ್ಲಿ ಮುಖ್ಯ.

ನಾನು ಸಿಕ್ಕಿಬಿದ್ದಿರುವುದು ಲಿನಕ್ಸ್‌ನದೇ ಪಿಕೆಟಿಸಿಡಿವಿಡಿ ಅನ್ನುವ ಡ್ರೈವರ್ ಹತ್ತಿರ. ಮತ್ತೆ ಮತ್ತೆ ಬರೆಯಬಹುದಾದ ಡಿಸ್ಕನ್ನು ಫ್ಲಾಪಿಯ ಹಾಗೆ ಬಳಸಲು ಇದ್ದದ್ದು ಅದು. 2016ರಲ್ಲೇ ಅದಕ್ಕೆ ‘ಡೆಪ್ರಿಕೇಟೆಡ್’ (ಇನ್ನು ಬಳಸದಿರುವುದು ಒಳ್ಳೆಯದು) ಅನ್ನುವ ಚೀಟಿ ಅಂಟಿಸಿದರು. 6.2 ಆವೃತ್ತಿ ತಯಾರಾಗುವಾಗ ಕೈಬಿಟ್ಟರು. ಬಳಸುವವರು ಇನ್ನೂ ಇದ್ದಾರೆ ಅಂತ ಗೊತ್ತಾಗಿ 2023ರ ಜನವರಿಯಲ್ಲಿ ವಾಪಸ್ ಸೇರಿಸಿದರು. ಆ ಚೀಟಿಗೆ ಏನನ್ನೋಣ? ‘ಬಳಕೆ ತಪ್ಪಿದ’ ಅನ್ನುವಂತಿಲ್ಲ, ಬಳಕೆಯಲ್ಲಿ ಇತ್ತಲ್ಲ. ‘ಹಳತಾದ’ ಡ್ರೈವಿಗೆ ಸರಿ, ಡ್ರೈವರಿಗೆ ಸಾಲದು. ‘ಕೈಬಿಡಲಿರುವ’ ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಆದರೆ ಅದು ದಿನ ಗೊತ್ತಾದ ಹಾಗೆ ಕೇಳಿಸುತ್ತದೆ. ‘ಇದೆ, ಆದರೆ ನೆಚ್ಚಿಕೊಳ್ಳಬೇಡಿ’ ಅನ್ನುವುದನ್ನು ಒಂದೇ ಪದದಲ್ಲಿ ಹೇಳುವ ರೂಢಿ ನಿಮ್ಮಲ್ಲಿ ಯಾರಿಗಾದರೂ ಗೊತ್ತಿದ್ದರೆ ತಿಳಿಸಿ.