ಪದಚರ್ಚೆ: ವಾಟ, ಕಟ್ಟು, ನಾನಿ ಟ್ರ್ಯಾಪು

ಎಲ್ಲರಿಗೂ ನಮಸ್ಕಾರ.

ನಮ್ಮ ಬಡಾವಣೆಯ ಸಂಘಕ್ಕೆ ಮನೆಯ ಕೊಳಚೆ ಪೈಪುಗಳ ಬಗ್ಗೆ ಕನ್ನಡದಲ್ಲಿ ಒಂದು ಕರಪತ್ರ ಬೇಕಂತೆ. ಏನು ಕೆಟ್ಟಿದೆ ಅಂತ ಮನೆಯವರೇ ಗುರುತಿಸಿ ಪ್ಲಂಬರ್‌ಗೆ ಸರಿಯಾಗಿ ಹೇಳುವಂತಾಗಬೇಕು, ಅಷ್ಟೇ. ಬರೆಯಲು ಕೂತರೆ ಜಾಸ್ತಿ ಪದಗಳು ತಾವಾಗಿಯೇ ಬಂದವು. ಸಿಂಕಿನ ಕೆಳಗಿನ ಬಾಗಿದ ಪೈಪಿಗೆ, ಅಂದರೆ ಟ್ರ್ಯಾಪಿಗೆ, ಮಾತ್ರ ಪದ ಸಿಗುತ್ತಿಲ್ಲ, ಅದನ್ನು ಕೊನೆಗೆ ಕೇಳುತ್ತೇನೆ. ಉಳಿದವು ನಿಮ್ಮ ಕಡೆಯೂ ಹೀಗೇ ಇವೆಯಾ ನೋಡಿ.

ನೀರು ಇಳಿಯದಿದ್ದರೆ ‘ಕಟ್ಟಿಕೊಂಡಿದೆ’ ಅನ್ನುತ್ತೇವೆ. ಮೂಗು ಕಟ್ಟುತ್ತದೆ, ಗಂಟಲು ಕಟ್ಟುತ್ತದೆ, ಪೈಪೂ ಕಟ್ಟುತ್ತದೆ. ಸರಿ ಮಾಡುವುದು ‘ಬಿಡಿಸುವುದು’. ಇಂಥ ಜೋಡಿ ಇರುವಾಗ ‘ಅಡಚಣೆ ನಿವಾರಣೆ’ ಅಂತ ಸುಮ್ನೆ ಯಾಕೆ ಬರೆಯಬೇಕು? ಏನು ಕಟ್ಟಿದೆ ಅನ್ನುವುದಕ್ಕೂ ಒಂದೊಂದು ಹೆಸರಿದೆ. ಸಿಂಕಿನ ಪೈಪಿನಲ್ಲಿ ಜಿಡ್ಡು. ಬಿಸಿನೀರಿನ ಜೊತೆ ಕರಗಿ ಇಳಿದ ತುಪ್ಪ, ಡಾಲ್ಡಾ ಮುಂದೆ ಹೋಗಿ ತಣ್ಣಗಾಗಿ ಪೈಪಿನ ಮೈಗೆ ಮೆತ್ತಿಕೊಳ್ಳುತ್ತದೆ. ಅದರ ಮೇಲೆ ಅನ್ನದ ಅಗುಳು, ಕಾಫಿ ಗಸಿ ಕೂರುತ್ತದೆ. ಬಚ್ಚಲಿನಲ್ಲಿ ಕೂದಲು, ಜೊತೆಗೆ ಬೋರ್‌ವೆಲ್ಲಿನ ಗಡಸು ನೀರಿಗೆ ಸೋಪು ಸೇರಿ ಆಗುವ ಬಿಳಿ ಗಸಿ. ಮನೆಯ ಹೊರಗೆ ಪೈಪುಗಳು ಬಂದು ಸೇರುವ ಮುಚ್ಚಳದ ಗುಂಡಿ ಚೇಂಬರು, ಅದರ ತಳದಲ್ಲಿ ಹೂಳು, ಕೆರೆಗೆ ಹೇಳುವ ಅದೇ ಹೂಳು. ದಬ್ಬೆ ಹಾಕಿ ತಳ್ಳಿದರೆ, ಸ್ಪ್ರಿಂಗ್ ತಂತಿ ಬಿಟ್ಟು ತಿರುಗಿಸಿದರೆ ಅದು ಬಿಡಿಸುವುದು. ಆಸಿಡ್ ಸುರಿಯುವುದನ್ನು ಮಾತ್ರ ಆ ಪದದಡಿ ಸೇರಿಸಲು ನನಗೆ ಮನಸ್ಸಿಲ್ಲ. ಅದು ಸಿಮೆಂಟಿನ ಕೀಲನ್ನೂ ತಿಂದು ಹಾಕುತ್ತದೆ.

ಮುಂದಿನದು ‘ವಾಟ’. ಮೇಸ್ತ್ರಿಗಳ ಬಾಯಲ್ಲಿ ದಿನವೂ ಕೇಳುವ ಪದ ಬರಹಕ್ಕೆ ಬರುವಾಗ ‘ಇಳಿಜಾರು’ ಆಗಿಬಿಡುತ್ತದೆ. ಎರಡೂ ಒಂದೇ ಅಂತ ನನಗೆ ಅನ್ನಿಸುವುದಿಲ್ಲ. ಗುಡ್ಡಕ್ಕೂ ಇಳಿಜಾರು ಇರುತ್ತದೆ, ತನ್ನಷ್ಟಕ್ಕೆ. ವಾಟ ನಾವು ಕೊಡುವಂಥದ್ದು, ನೀರು ಹೋಗಲಿ ಅಂತ. ‘ವಾಟ ಕೊಟ್ಟಿಲ್ಲ’, ‘ವಾಟ ತಪ್ಪಿದೆ’, ‘ಉಲ್ಟಾ ವಾಟ ಆಗಿದೆ’, ಈ ಮೂರರಲ್ಲಿ ಅರ್ಧ ಪ್ಲಂಬಿಂಗ್ ಮುಗಿಯಿತು. ತಮಿಳಿನವರು ವಾಟ್ಟಂ, ತೆಲುಗಿನವರು ವಾಟಂ ಅನ್ನುತ್ತಾರೆ. ಹಳೆಯ ಲೆಕ್ಕದಲ್ಲಿ 4 ಇಂಚಿನ ಪೈಪಿಗೆ 40ಕ್ಕೆ 1 ವಾಟ. ಅಂದರೆ 10 ಅಡಿ ಉದ್ದಕ್ಕೆ 3 ಇಂಚು ಇಳಿಯಬೇಕು. 6 ಇಂಚಿನದಕ್ಕೆ 60ಕ್ಕೆ 1, 10 ಅಡಿಗೆ 2 ಇಂಚು ಸಾಕು. ಪೈಪಿನ ಕೆಳಗಿನ ಮಣ್ಣು ಕುಸಿದು ನಡುವೆ ಜೋತುಬಿದ್ದರೆ ಅಲ್ಲಿ ನೀರು ನಿಲ್ಲುತ್ತದೆ, ಹೊಲಸು ತಳ ಹಿಡಿಯುತ್ತದೆ. ಬಿಡಿಸಿದ ಮೇಲೂ ಮತ್ತೆ ಮತ್ತೆ ಅದೇ ಜಾಗದಲ್ಲಿ ಕಟ್ಟುತ್ತಿದ್ದರೆ ಅನುಮಾನ ಮೊದಲು ವಾಟದ ಮೇಲೆ. ಹಳೆ ಮನೆಯ ಜೇಡಿಮಣ್ಣಿನ ಪೈಪಾದರೆ ಇನ್ನೊಂದು ಅನುಮಾನ ಬೇರಿನ ಮೇಲೆ. ಕೀಲಿನ ಸಿಮೆಂಟು ಬಿರಿದ ಕಡೆ ಕೂದಲೆಳೆಯಷ್ಟು ಬೇರು ನುಗ್ಗಿ ಒಳಗೆ ಜಡೆಯಾಗುತ್ತದೆ. ಎರಡಕ್ಕೂ ಸಾಮಾನ್ಯವಾಗಿ ಅಗೆಯಬೇಕಾಗುತ್ತದೆ.

‘ಚರಂಡಿ’ ಅನ್ನುವಾಗ ಸ್ವಲ್ಪ ಹುಷಾರಾಗಿರಬೇಕು. ಬೆಂಗಳೂರಿನಲ್ಲಿ ಒಳಚರಂಡಿ ಜಲಮಂಡಳಿಯದು, ರಸ್ತೆ ಪಕ್ಕದ ಮಳೆನೀರು ಚರಂಡಿ ಪಾಲಿಕೆಯದು. ‘ಚರಂಡಿ ಕಟ್ಟಿದೆ’ ಅಂತಷ್ಟೇ ದೂರು ಕೊಟ್ಟರೆ ಅದು ಮೇಜಿಂದ ಮೇಜಿಗೆ ಅಲೆಯುತ್ತದೆ. ಚೇಂಬರಿನ ಮುಚ್ಚಳ ತೆಗೆದು ನೋಡಿ ಅಂತ ಕರಪತ್ರದಲ್ಲಿ ಬರೆದಿದ್ದೇನೆ. ಮನೆಯಲ್ಲಿ ನೀರು ನಿಂತಿದ್ದೂ ಚೇಂಬರ್ ಖಾಲಿಯಿದ್ದರೆ ಮನೆಯಿಂದ ಅಲ್ಲಿಯವರೆಗಿನ ಪೈಪು ಕಟ್ಟಿದೆ. ತುಂಬಿ ನಿಂತಿದ್ದರೆ ತೊಂದರೆ ಅದರ ಆಚೆಗೆ. ಮಳೆ ಬಂದಾಗ ಮಾತ್ರ ಉಕ್ಕುತ್ತಿದ್ದರೆ ಯಾರೋ ತಾರಸಿ ನೀರಿನ ಪೈಪನ್ನು ಒಳಚರಂಡಿಗೆ ಸೇರಿಸಿರುತ್ತಾರೆ. ರಸ್ತೆಯಲ್ಲಿರುವ ದೊಡ್ಡ ಚೇಂಬರಿಗೆ, ಅಂದರೆ ಮ್ಯಾನ್‌ಹೋಲಿಗೆ, ‘ಆಳುಗುಂಡಿ’ ಅನ್ನುವ ಪದ ಪತ್ರಿಕೆಗಳಲ್ಲಿ ಬರುತ್ತದೆ. ನಾನು ಬಳಸುವುದಿಲ್ಲ. ರಕ್ಷಣಾ ಸಾಧನವಿಲ್ಲದೆ ಆಳನ್ನು ಇಳಿಸಬಾರದು ಅಂತ 2013ರ ಕಾಯ್ದೆ ಬಂದ ಮೇಲೂ ಹೆಸರಿನಲ್ಲೇ ಆಳನ್ನು ಇಳಿಸುವುದು ಸರಿಯಲ್ಲ, ಅಲ್ವಾ?

ಈಗ ಪ್ರಶ್ನೆ. ಟ್ರ್ಯಾಪಿಗೆ ಏನನ್ನೋಣ?

ಸಿಂಕಿನ ಕೆಳಗೆ ಪೈಪು ಬಾಗಿ ಮತ್ತೆ ಮೇಲೇಳುತ್ತದಲ್ಲ, ಅದು. ಬಚ್ಚಲಿನ ಜಾಲರಿಯ ಕೆಳಗಿನ ಬಟ್ಟಲೂ ಅದೇ. ಅಲ್ಲಿ ಸುಮಾರು 2 ಇಂಚು ನೀರು ಸದಾ ನಿಂತಿರುತ್ತದೆ, ಆ ನೀರೇ ನಾತವನ್ನು ತಡೆಯುತ್ತದೆ. ನೀರು ಸರಾಗವಾಗಿ ಹೋಗುತ್ತದೆ, ಆದರೂ ಮನೆಯೆಲ್ಲ ನಾತ ಅನ್ನುವವರು ಪೈಪು ಬಿಡಿಸುವವರನ್ನು ಕರೆಸಿ ದುಡ್ಡು ಕೊಡುತ್ತಾರೆ. ಎಷ್ಟೋ ಸಲ ಬಳಸದ ಬಚ್ಚಲಿನಲ್ಲಿ ಬೇಸಗೆಗೆ ಆ ನೀರು ಆರಿರುತ್ತದೆ. ಒಂದು ಚೊಂಬು ನೀರು ಸುರಿದರೆ ಮುಗಿಯಿತು. ಸುರಿದರೂ ನಾತ ವಾಪಸ್ ಬಂದರೆ, ಕಮೋಡ್ ಫ್ಲಶ್ ಮಾಡಿದಾಗಲೆಲ್ಲ ಬಚ್ಚಲಿನಲ್ಲಿ ಗುಳುಗುಳು ಸದ್ದಾದರೆ, ಗಾಳಿ ಪೈಪು (ಕೊಳಚೆ ಪೈಪಿಗೆ ಗಾಳಿಯಾಡಲು ಮೇಲಕ್ಕೆ ಬಿಟ್ಟದ್ದು) ಇಲ್ಲ ಅಥವಾ ಮುಚ್ಚಿದೆ ಅಂತ. ಫ್ಲಶ್ಶಿನ ಎಳೆತಕ್ಕೆ ಟ್ರ್ಯಾಪಿನ ನೀರೂ ಹೊರಟುಹೋಗುತ್ತದೆ. ಮುಖ್ಯ ಪೈಪು ಅರ್ಧ ಕಟ್ಟಿದ್ದರೂ ಈ ಸದ್ದು ಬರಬಹುದು. ಇಷ್ಟನ್ನು ವಿವರಿಸಲು ಆ ಬಾಗಿದ ತುಂಡಿಗೆ ಒಂದು ಹೆಸರು ಬೇಕೇ ಬೇಕು.

ಬಚ್ಚಲಿನದಕ್ಕೆ ಪ್ಲಂಬರ್‌ಗಳು ‘ನಾನಿ ಟ್ರ್ಯಾಪ್’ ಅನ್ನುತ್ತಾರೆ. ಮೂಲ ಮರಾಠಿಯ ನ್ಹಾಣಿ, ಅಂದರೆ ಸ್ನಾನದ ಜಾಗ. ಹಿಂದಿಯ ಅಜ್ಜಿಗೂ ಇದಕ್ಕೂ ಸಂಬಂಧವಿಲ್ಲ. ಟ್ರ್ಯಾಪ್ ಅಂದರೆ ಬೋನು ಅಂತ ಬರೆದರೆ ಇಲಿ ಹಿಡಿಯಲು ಹೊರಟಂತಾಗುತ್ತದೆ. ‘ನೀರ್ತಡೆ’ ತಪ್ಪು ಅರ್ಥ ಕೊಡುತ್ತದೆ, ತಡೆಯುವುದು ನೀರನ್ನಲ್ಲ. ‘ನಾತತಡೆ’ಯನ್ನು ಎರಡು ಸಲ ಹೇಳಿ ನೋಡಿ, ನಾಲಿಗೆ ತೊಡರುತ್ತದೆ. ‘ನೀರ್ಬೀಗ’ ಒಬ್ಬ ಗೆಳೆಯರ ಸಲಹೆ. ಚೆನ್ನಾಗಿದೆ, ಆದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕೇಳಿದರೆ ಬೀಗ ತೋರಿಸುತ್ತಾರೆ.

ಹುಬ್ಬಳ್ಳಿ, ಬೆಳಗಾವಿ ಕಡೆ ಚರಂಡಿಗೆ ಗಟಾರ ಅನ್ನುತ್ತಾರೆ, ಗೊತ್ತು. ಅಲ್ಲಿ ಈ ಟ್ರ್ಯಾಪಿಗೆ ಬೇರೆ ಹೆಸರಿದೆಯಾ? ಕರಾವಳಿಯವರು, ಮಲೆನಾಡಿನವರು ಏನನ್ನುತ್ತೀರಿ? ಹೊಸದಾಗಿ ಕಟ್ಟಿದ ಪದ ಬೇಡ. ನಿಮ್ಮೂರಿನ ಮೇಸ್ತ್ರಿ, ಪ್ಲಂಬರ್ ಆಡುವುದನ್ನು ಕೇಳಿ ಬರೆಯಿರಿ, ಊರಿನ ಹೆಸರೂ ಇರಲಿ. ಏನೂ ಸಿಗದಿದ್ದರೆ ‘ನಾನಿ ಟ್ರ್ಯಾಪು’ ಅಂತಲೇ ಹಾಕಿ ಪಕ್ಕದಲ್ಲಿ ಒಂದು ಚಿತ್ರ ಬರೆಸುತ್ತೇನೆ.