ವಿಂಡೋಸ್, ಉಬುಂಟು ಎರಡೂ ಇರೋ ಕಂಪ್ಯೂಟರ್‌ನಲ್ಲಿ ತೋಟದ ಲೆಕ್ಕದ ಫೈಲ್ ಎಲ್ಲಿಡೋದು?

ಮೂಡಿಗೆರೆಯಿಂದ: ತೋಟದ ಲೆಕ್ಕಕ್ಕೆ ಟ್ಯಾಲಿ ಬೇಕು, ವಿಂಡೋಸ್ ಬಿಡೋ ಹಾಗಿಲ್ಲ. ಮಗಳು ಕಾಲೇಜಿನ ಕೆಲಸಕ್ಕೆ ಉಬುಂಟು (ವಿಂಡೋಸ್ ಬದಲು ಬಳಸೋ ಲಿನಕ್ಸ್‌ನ ಒಂದು ಬಗೆ) ಹಾಕಿಸಿಕೊಂಡಿದ್ದಾಳೆ. ಉಬುಂಟುವಿನಲ್ಲಿ ಡಿ ಡ್ರೈವ್ ತೆರೆಯುತ್ತೆ, ಸೇವ್ ಮಾಡೋಕೆ ಮಾತ್ರ ಬಿಡಲ್ಲ. ವಿಂಡೋಸ್‌ಗೆ ಬಂದರೆ ಉಬುಂಟುವಿನ ಫೈಲ್‌ಗಳೇ ಕಾಣಲ್ಲ. ಇಬ್ಬರಿಗೂ ಸಿಗೋ ಹಾಗೆ ಮಾಡೋದು ಹೇಗೆ? ಡೆಸ್ಕ್‌ಟಾಪ್, ಯುಪಿಎಸ್ ಇಲ್ಲ. ಮಾಡಿ ನೋಡಿದವರು ಹೇಳಿ.

ಹಾಸನದಿಂದ: ಅಕ್ಕಾ, ಡ್ರೈವ್ ಕೆಟ್ಟಿರೋ ಹಾಗಿಲ್ಲ. ವಿಂಡೋಸ್ 8ರಿಂದ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದು ಸೌಲಭ್ಯ ಬಂದಿದೆ. ಶಟ್‌ಡೌನ್ ಕೊಟ್ಟರೂ ವಿಂಡೋಸ್ ಪೂರ್ತಿ ಮುಚ್ಚಿಕೊಳ್ಳಲ್ಲ, ತನ್ನ ಸ್ಥಿತಿಯನ್ನು ಡಿಸ್ಕಿಗೆ ಬರೆದಿಟ್ಟು ಅರ್ಧ ನಿದ್ದೆಗೆ ಹೋಗುತ್ತೆ. ಡ್ರೈವ್ ಇನ್ನೂ ಅದರ ಸುಪರ್ದಿಯಲ್ಲೇ ಇರೋದರಿಂದ ಉಬುಂಟು ಬರೀ ಓದೋಕೆ ಬಿಡುತ್ತೆ. ಬಿಡದೇ ಇರೋದೇ ಒಳ್ಳೇದು. ಆಗ ಬರೆದರೆ ವಿಂಡೋಸ್ ಎದ್ದಾಗ ಎರಡರ ಲೆಕ್ಕ ತಾಳೆಯಾಗದೆ ಫೈಲ್ ಹಾಳಾಗುತ್ತೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್‌ಗೆ ಹೋಗಿ, ಪವರ್ ಬಟನ್ ಏನು ಮಾಡಬೇಕು ಅನ್ನೋ ಪುಟದಲ್ಲಿ ಫಾಸ್ಟ್ ಸ್ಟಾರ್ಟಪ್‌ನ ಟಿಕ್ ತೆಗೀರಿ. ಈಗಲೇ ಪರೀಕ್ಷೆ ಮಾಡಬೇಕು ಅಂದರೆ ಶಟ್‌ಡೌನ್ ಬದಲು ರೀಸ್ಟಾರ್ಟ್ ಕೊಟ್ಟು ಉಬುಂಟುವಿಗೆ ಹೋಗಿ. ರೀಸ್ಟಾರ್ಟ್‌ನಲ್ಲಿ ಈ ಅರ್ಧ ನಿದ್ದೆ ಇರಲ್ಲ. ಇನ್ನು ಉಬುಂಟು ತನ್ನ ಫೈಲ್ ಇಡೋ ಇಎಕ್ಸ್‌ಟಿ4 ಅನ್ನೋ ಡಿಸ್ಕ್ ಫಾರ್ಮ್ಯಾಟ್ ವಿಂಡೋಸ್‌ಗೆ ತಾನಾಗಿ ಓದೋಕೆ ಬರಲ್ಲ. ಇಬ್ಬರಿಗೂ ಬೇಕಾದ್ದೆಲ್ಲ ಡಿ ಡ್ರೈವ್‌ನಲ್ಲೇ ಇರಲಿ.

ಚಿಕ್ಕಮಗಳೂರಿನಿಂದ: ನಾನು ಇದಕ್ಕೇ ಅಂತ ಡಿಸ್ಕಿನಲ್ಲಿ ಒಂದು ಬೇರೆ ಭಾಗ (ಪಾರ್ಟಿಷನ್) ಮಾಡಿ ಎಕ್ಸ್‌ಫ್ಯಾಟ್ ಅನ್ನೋ ಫಾರ್ಮ್ಯಾಟ್ ಹಾಕಿದ್ದೀನಿ. ಎರಡೂ ಕಡೆ ತಕರಾರಿಲ್ಲ, ಹಳೇ ಫ್ಯಾಟ್32 ಫಾರ್ಮ್ಯಾಟ್ ಥರ ಒಂದು ಫೈಲ್‌ಗೆ 4 ಜಿಬಿ ಮಿತಿಯೂ ಇಲ್ಲ. 2019ರಲ್ಲಿ ಮೈಕ್ರೋಸಾಫ್ಟ್ ಅದರ ವಿವರ ಬಹಿರಂಗ ಮಾಡಿದ ಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲೇ ಬೆಂಬಲ ಬಂದಿದೆ.

ಸಕಲೇಶಪುರದಿಂದ: ಚಿಕ್ಕಮಗಳೂರಿನವರದು ಲ್ಯಾಪ್‌ಟಾಪ್ ಇರಬೇಕು! ಯುಪಿಎಸ್ ಇಲ್ಲದ ಡೆಸ್ಕ್‌ಟಾಪ್‌ಗೆ, ಅದೂ ಮಲೆನಾಡಲ್ಲಿ, ನಾನು ಎಕ್ಸ್‌ಫ್ಯಾಟ್ ಬೇಡ ಅಂತೀನಿ. ಆಷಾಢದ ಗಾಳಿಗೆ ಲೈನ್ ಮೇಲೆ ಮರ ಬಿತ್ತು ಅಂದರೆ ಕರೆಂಟ್ ಹೇಳಿ ಹೋಗುತ್ತಾ? ವಿಂಡೋಸ್‌ನ ಡಿ ಡ್ರೈವ್‌ಗೆ ಸಾಮಾನ್ಯವಾಗಿ ಇರೋ ಎನ್‌ಟಿಎಫ್‌ಎಸ್ ಫಾರ್ಮ್ಯಾಟ್‌ಗೆ ಜರ್ನಲ್ ಇದೆ. ಖಾತೆಗೆ ಏರಿಸೋ ಮೊದಲು ಕಚ್ಚಾ ಪುಸ್ತಕದಲ್ಲಿ ಬರೆದುಕೊಂಡ ಹಾಗೆ, ಫೋಲ್ಡರ್ ವ್ಯವಸ್ಥೆಯ ಬದಲಾವಣೆಯನ್ನ ಮೊದಲು ಅಲ್ಲಿ ಗುರುತು ಮಾಡಿಕೊಳ್ಳುತ್ತೆ. ಮಧ್ಯೆ ಕರೆಂಟ್ ಹೋದರೂ ಡ್ರೈವ್‌ನ ರಚನೆ ಸಾಮಾನ್ಯವಾಗಿ ಉಳಿಯುತ್ತೆ. ಆಗ ಟೈಪ್ ಮಾಡ್ತಿದ್ದದ್ದು ಉಳಿಯುತ್ತೆ ಅಂತಲ್ಲ ಮತ್ತೆ. ಎಕ್ಸ್‌ಫ್ಯಾಟ್‌ಗೆ ಇಂಥ ಜರ್ನಲ್ ಇಲ್ಲ.

ಲಿನಕ್ಸ್ ಎನ್‌ಟಿಎಫ್‌ಎಸ್ ಜೊತೆ ಹೊಂದಲ್ಲ ಅನ್ನೋದು ಹಳೇ ಮಾತು. ಬರೆಯೋಕೂ ಬರೋ ಡ್ರೈವರ್ 2021ರಿಂದ, 5.15ನೇ ಆವೃತ್ತಿಯಿಂದೀಚೆಗೆ, ಕರ್ನಲ್ ಒಳಗೇ ಇದೆ. ಕರೆಂಟ್ ಹೋಗಿ ಬಂದ ಮೇಲೆ ಉಬುಂಟು ಡಿ ಡ್ರೈವ್ ತೆರೆಯೋಕೆ ಒಪ್ಪದಿದ್ದರೆ, ವಿಂಡೋಸ್‌ಗೆ ಹೋಗಿ ಆ ಡ್ರೈವ್‌ನ ಪ್ರಾಪರ್ಟೀಸ್, ಟೂಲ್ಸ್, ಚೆಕ್ ಒತ್ತಿ. ಟ್ಯಾಲಿ ಬ್ಯಾಕಪ್ ಒಂದು ಪೆನ್‌ಡ್ರೈವ್‌ನಲ್ಲೂ ಇರಲಿ. ಮಳೆ ಜೋರಾಗೋ ಮುಂಚೆ ಯುಪಿಎಸ್ ತಗೊಳ್ಳಿ.

ಬೇಲೂರಿನಿಂದ: ಎರಡು ಸಣ್ಣ ವಿಷಯ. ಉಬುಂಟುವಿನಲ್ಲಿ ಫೈಲ್ ಹೆಸರಿಗೆ ಪ್ರಶ್ನೆ ಚಿಹ್ನೆ, ಕೋಲನ್ ಹಾಕಬೇಡಿ, ವಿಂಡೋಸ್‌ಗೆ ಅವು ಆಗಲ್ಲ. ಗಡಿಯಾರ ಐದೂವರೆ ಗಂಟೆ ಹಿಂದೆಮುಂದೆ ಆಗ್ತಿದ್ದರೆ ಗಾಬರಿ ಬೇಡ: ಮದರ್‌ಬೋರ್ಡಿನ ಸಮಯವನ್ನ ವಿಂಡೋಸ್ ಸ್ಥಳೀಯ ಸಮಯ ಅಂದುಕೊಳ್ಳುತ್ತೆ, ಉಬುಂಟು ಯುಟಿಸಿ (ಜಾಗತಿಕ ಸಮಯ) ಅಂದುಕೊಳ್ಳುತ್ತೆ.

ಮೂಡಿಗೆರೆಯಿಂದ: ರೀಸ್ಟಾರ್ಟ್ ಕೊಟ್ಟು ಹೋದೆ, ಸೇವ್ ಆಯ್ತು. ಟಿಕ್ಕೂ ತೆಗೆದೆ, ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: ಮಗಳು ಉಬುಂಟುವಿನಲ್ಲಿ ಡಿ ಡ್ರೈವ್‌ನ ಒಂದು ಬಿಲ್ ಡಿಲೀಟ್ ಮಾಡಿದ್ಲು. ವಿಂಡೋಸ್‌ನ ರೀಸೈಕಲ್ ಬಿನ್‌ನಲ್ಲಿ ಇಲ್ಲ. ಹೋಯ್ತಾ?

ಹಾಸನದಿಂದ: ಶಿಫ್ಟ್ ಒತ್ತಿ ಅಳಿಸಿಲ್ಲ ಅಂದರೆ ಇರುತ್ತೆ ಅಕ್ಕಾ. ಉಬುಂಟು ತನ್ನದೇ ಕಸದ ಬುಟ್ಟಿ ಇಟ್ಟುಕೊಳ್ಳುತ್ತೆ. ಡಿ ಡ್ರೈವ್ ತೆರೆದ ತಕ್ಷಣ ಚುಕ್ಕಿಯಿಂದ ಶುರುವಾಗೋ ‘ಟ್ರ್ಯಾಶ್-1000’ ಅನ್ನೋ ಫೋಲ್ಡರ್ ಹುಡುಕಿ, ಅದರೊಳಗೆ ‘ಫೈಲ್ಸ್’ ಅಂತಿರುತ್ತೆ, ಬಿಲ್ ಅಲ್ಲಿರಬೇಕು.